ನಾಯಕರ ಮಾತನ್ನು ತೂಗುವ ಮೊದಲು

ಚುನಾವಣೆ ಹತ್ತಿರವಾದಂತೆ ಕಲಬುರಗಿಯ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ನಾಯಕರ ಮಾತಿನ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಯಾವಾಗ, ಎಲ್ಲಿ, ಯಾರಿಗೆ ಹೇಳಿದ ಮಾತು ಎಂಬುದು ಅವುಗಳಲ್ಲಿ ಇರುವುದಿಲ್ಲ. ಆದರೂ ತೀರ್ಪು ಸಿದ್ಧವಾಗಿರುತ್ತದೆ: ನಮ್ಮವರು ಹೇಳಿದರೆ ದಿಟ್ಟತನ, ಎದುರಿನವರು ಹೇಳಿದರೆ ದುರಹಂಕಾರ. ಒಂದು ಹೇಳಿಕೆ ನೈತಿಕವೋ ಅಲ್ಲವೋ ಎಂದು ಕೇಳುವ ಮೊದಲು ಅದನ್ನು ಸರಿಯಾಗಿ ದಾಖಲಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಅಳತೆಗೋಲನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಶಹಾಬಾದ್ ಬಳಿಯ ಮರತೂರಿನವರೆಂದು ನಾವು ಹೆಮ್ಮೆಪಡುವ ವಿಜ್ಞಾನೇಶ್ವರರು, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಯೆಂಬ ಧರ್ಮಶಾಸ್ತ್ರ ಗ್ರಂಥಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದರು. ಅಲ್ಲಿ ವ್ಯವಹಾರಕ್ಕೆ, ಅಂದರೆ ವ್ಯಾಜ್ಯಕ್ಕೆ, ನಾಲ್ಕು ಪಾದಗಳಿವೆ: ದೂರು, ಉತ್ತರ, ಪ್ರಮಾಣ (ಅಂದರೆ ಸಾಕ್ಷ್ಯ), ನಿರ್ಣಯ. ದೂರುದಾರನು ಹೇಳಿದ್ದನ್ನು ಹೇಳಿದಂತೆಯೇ, ಎದುರಾಳಿಯ ಮುಂದೆ, ವರ್ಷ, ಮಾಸ, ಪಕ್ಷ, ದಿನಗಳೊಂದಿಗೆ ಬರೆದುಕೊಳ್ಳಬೇಕು. ಆ ಗುರುತುಗಳಲ್ಲಿ ಜಾತಿಯೂ ಸೇರಿತ್ತು, ದಂಡನೆಯಲ್ಲಿ ವರ್ಣಭೇದವೂ ಇತ್ತು. ಅವೆರಡನ್ನೂ ನಾನು ಪೂರ್ತಿಯಾಗಿ ತಿರಸ್ಕರಿಸುತ್ತೇನೆ. ವಿಚಾರಣೆಯ ಕ್ರಮವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ವಾದದಲ್ಲಿ ಸೋಲುವವರನ್ನು ಆ ಪರಂಪರೆ ಐದು ಬಗೆಯಾಗಿ ಗುರುತಿಸಿದೆ: ಮೊದಲು ಹೇಳಿದ್ದನ್ನು ಬದಲಿಸುವ ಅನ್ಯವಾದಿ, ಪ್ರಮಾಣವನ್ನೇ ದ್ವೇಷಿಸುವ ಕ್ರಿಯಾದ್ವೇಷಿ, ಹಾಜರಾಗದವನು, ಉತ್ತರ ಕೊಡದವನು, ಕರೆದಾಗ ಓಡಿಹೋಗುವವನು. ಇಂದಿನ ಎಕ್ಸ್ ಖಾತೆಗಳನ್ನು ನೋಡಿದವರಿಗೆ ಈ ಐವರೂ ಪರಿಚಿತರೇ. ಇವರಲ್ಲಿ ಅನ್ಯವಾದಿಯದೇ ಹೆಚ್ಚು ಹಾನಿಕರ ನಡೆ ಎಂದು ನನಗೆ ಅನಿಸುತ್ತದೆ. ಸಾವಿರಾರು ಜನ ಹಂಚಿಕೊಂಡ ಸುಳ್ಳನ್ನು ಸದ್ದಿಲ್ಲದೆ ಅಳಿಸಿಬಿಡುವುದು ತಿದ್ದುಪಡಿಯಲ್ಲ. ಹೇಳಿದ್ದು ತಪ್ಪಾಗಿತ್ತೆಂದು ಅದೇ ಖಾತೆಯಲ್ಲಿ ಬರೆದು, ಆ ಮಾತಿನಿಂದ ನೊಂದವರ ಕ್ಷಮೆ ಕೇಳಿದಾಗ ಮಾತ್ರ ಅದು ತಿದ್ದುಪಡಿಯಾಗುತ್ತದೆ.

ಕಾನೂನು ಇಲ್ಲಿ ಒಂದು ಹಂತದವರೆಗೆ ಮಾತ್ರ ಬರುತ್ತದೆ. ಪ್ರಭಾವವುಳ್ಳವರ ಮಾತು ಬಹುದೂರ ತಲುಪುವುದರಿಂದ ಅವರ ಹೊಣೆಯೂ ಹೆಚ್ಚು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಸಂವಿಧಾನದ 19(2)ನೇ ವಿಧಿಯಲ್ಲಿ ಇಲ್ಲದ ಹೊಸ ನಿರ್ಬಂಧಗಳನ್ನು ವಾಕ್ ಸ್ವಾತಂತ್ರ್ಯದ ಮೇಲೆ ಹೇರಲಾಗದು, ಸಚಿವರ ಹೇಳಿಕೆಗೆಲ್ಲ ಸರ್ಕಾರವನ್ನು ಹೊಣೆಯಾಗಿಸಲೂ ಆಗದು ಎಂದು 2023ರಲ್ಲಿ ಸಂವಿಧಾನ ಪೀಠ ತೀರ್ಪಿತ್ತಿತು. ನನಗೆ ಅದು ಸರಿಯೆನಿಸುತ್ತದೆ, ಅಶಿಷ್ಟವಾದುದೆಲ್ಲ ಅಪರಾಧವಾಗಬಾರದು. ಹಾಗಾಗಿ ಉಳಿದ ಪರಿಶೀಲನೆ ನಾಗರಿಕರ ಪಾಲಿನದು.

ಆ ಪರಿಶೀಲನೆಗೆ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಒಳ್ಳೆಯ ಗೆರೆಯೊಂದನ್ನು ಎಳೆದಿದೆ: ಟೀಕೆಯು ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಮುಟ್ಟಬಾರದು. ತೊಗರಿಯ ಬೆಲೆಯ ಬಗ್ಗೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿಯಡಿಯ ನೇಮಕಾತಿಯ ಬಗ್ಗೆ ಸಚಿವರನ್ನು ಎಷ್ಟು ಕಟುವಾಗಿ ಬೇಕಾದರೂ ಪ್ರಶ್ನಿಸಬಹುದು. ಅವರ ಮನೆಯ ಹೆಣ್ಣುಮಕ್ಕಳನ್ನು ಆ ಚರ್ಚೆಗೆ ಎಳೆದು ತಂದವರು ಯಾವ ಪಕ್ಷದವರಾದರೂ ಗೆರೆ ದಾಟಿದ್ದಾರೆ.

ಮೌನದ ವಿಷಯ ಮಾತ್ರ ಅಷ್ಟು ಸುಲಭವಲ್ಲ. ಬೈಗುಳಕ್ಕೆ ಉತ್ತರಿಸದ ನಾಯಕರನ್ನು ನಾನು ನಿರುತ್ತರರೆಂದು ಕರೆಯಲಾರೆ. ದಾಖಲೆಯನ್ನು ಮುಂದಿಟ್ಟು ಸಭ್ಯವಾಗಿ ಪ್ರಶ್ನಿಸಿದವರಿಗೆ ಉತ್ತರ ಕೊಡುವ ಬದಲು ಅವರ ಖಾತೆಯನ್ನು ಬ್ಲಾಕ್ ಮಾಡುವವರನ್ನು ಹಾಗೆಯೇ ಕರೆಯುತ್ತೇನೆ.