ಹಾಗಾದರೆ ಎರಡನೆಯ ಸಹಿ ಏಕೆ ಸರ್?

ವೈದ್ಯಕೀಯ ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನಮ್ಮ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಎರಡನೆಯ ವರ್ಷದ ತರಬೇತಿಯಲ್ಲಿರುವ ಹುಡುಗಿಯೊಬ್ಬಳು ಈ ವಾರ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಿಂದ ಇಳಿಯುತ್ತಿಲ್ಲ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ನೋವಿನಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಅಂದೇ, ಒಂದೇ ಬಾರಿಗೆ, 8 ಗ್ರೇ (ಮೈಗೆ ಸೇರುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಕೊಡಬೇಕೆಂದು ವೈದ್ಯರು ಬರೆದಿದ್ದರು. ಬೆನ್ನಿನ ಕಡೆಯಿಂದ ಒಂದೇ ಫೀಲ್ಡ್, ಅಂದರೆ ಕಿರಣ ಬೀಳುವ ಒಂದೇ ಜಾಗ. ಇಂಥ ಸರಳ ಚಿಕಿತ್ಸಾ ಯೋಜನೆಗಳ ಡೋಸ್, ಅಂದರೆ ವಿಕಿರಣದ ಪ್ರಮಾಣವನ್ನು ಬೇರೆಯಾಗಿ ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ ಎರಡನೆಯ ಸಹಿ ಹಾಕಲು ಅವಳಿಗೆ ಅನುಮತಿಯಿದೆ. ಯೋಜನೆ ಮಾಡಿದ ಹಿರಿಯರು ತಮ್ಮ ಸಹಿ ಹಾಕಿ ಕಾಗದವನ್ನು ಅವಳ ಕಡೆಗೆ ಸರಿಸಿದರು.

“ಲೆಕ್ಕ ಮಾಡಿ ನೋಡಿ ಹಾಕ್ತೀನಿ ಸರ್.”

“ನಾನು ನೋಡಿದ್ದೀನಲ್ಲಮ್ಮ.”

“ಹಾಗಾದರೆ ಎರಡನೆಯ ಸಹಿ ಏಕೆ ಸರ್?”

ಅವಳ ದನಿಯಲ್ಲಿ ಎದುರುತ್ತರದ ಬಿರುಸು ಇರಲಿಲ್ಲ. ತಿಳಿಯದ್ದನ್ನು ತಿಳಿಯಲು ಕೇಳಿದ ಹಾಗಿತ್ತು. ಹಿರಿಯರು ಉತ್ತರಿಸದೆ ಗಡಿಯಾರ ನೋಡಿದರು. ಅವರು ಕೆಲಸದಲ್ಲಿ ಗಟ್ಟಿಗರು, ನಾನು ಕಂಡ ಒಳ್ಳೆಯ ಯೋಜನೆಗಾರರಲ್ಲಿ ಒಬ್ಬರು. ಆದರೆ ತಮ್ಮ ಅನುಭವವೇ ಒಂದು ಪರೀಕ್ಷೆಯೆಂದು ಅವರು ನಂಬಿದ್ದಾರೆ, ಅದನ್ನು ನಾನು ಒಪ್ಪಲಾರೆ. ಯಂತ್ರದ ಬಳಿಯಿದ್ದ ಟೆಕ್ನಾಲಜಿಸ್ಟ್ ಮಾತ್ರ ಒಂದು ಮಾತೂ ಆಡದೆ ಹೋಗಿ, ಸ್ವಲ್ಪ ತಡವಾಗುತ್ತದೆಂದು ರೋಗಿಗೆ ತಿಳಿಸಿ, ಅವರ ಮೊಣಕಾಲಿನ ಕೆಳಗೆ ದಿಂಬು ಇಟ್ಟು ಬಂದರು.

ಅವಳು ಲೆಕ್ಕ ಮಾಡಿದ ಕ್ರಮವನ್ನು ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆ. ಮುದ್ರಿತ ಹಾಳೆಯಲ್ಲಿ ಆಳ 6 ಸೆಂ.ಮೀ. ಎಂದಿತ್ತು. ಅವಳು ಆ ಅಂಕಿಯನ್ನು ಎತ್ತಿಕೊಳ್ಳಲಿಲ್ಲ. ಸಿ.ಟಿ. ಚಿತ್ರವನ್ನು ತೆರೆದು, ಚರ್ಮದಿಂದ ಕಶೇರುಖಂಡದವರೆಗಿನ ಅಂತರವನ್ನು ತಾನೇ ಅಳೆದು, ಬೇರೊಂದು ಕಾಗದದಲ್ಲಿ ಬರೆದುಕೊಂಡಳು. ಆಮೇಲೆ ಫೀಲ್ಡಿನ ಅಳತೆ, ಆ ಅಳತೆಯಿಂದ ಡೋಸ್ ಎಷ್ಟು ಬದಲಾಗುತ್ತದೆಂದು ಹೇಳುವ ಔಟ್‌ಪುಟ್ ಫ್ಯಾಕ್ಟರ್, ಆಳಕ್ಕೆ ತಕ್ಕ ಶೇಕಡಾವಾರು ಡೋಸ್, ವಿಕಿರಣದ ಮೂಲದಿಂದ ಚರ್ಮಕ್ಕಿರುವ ದೂರ, ಹೀಗೆ ಒಂದೊಂದನ್ನೂ ಕೋಷ್ಟಕದಿಂದ ತೆಗೆದಳು. 6 ಎಂ.ವಿ. (ಮೆಗಾವೋಲ್ಟ್) ಎಕ್ಸ್-ಕಿರಣದಲ್ಲಿ ಆ ಆಳದ ಲೆಕ್ಕ 1 ಸೆಂ.ಮೀ. ತಪ್ಪಿದರೂ ಡೋಸ್ ಶೇಕಡಾ 4ರಿಂದ 5ರಷ್ಟು ತಪ್ಪುತ್ತದೆ. ಹಾಳೆಯ ಮೇಲಿನ ಆಳವನ್ನೇ ತೆಗೆದುಕೊಂಡು ಎಷ್ಟು ಸರಿಯಾಗಿ ಗುಣಿಸಿ ಭಾಗಿಸಿದರೂ, ಹಾಳೆಯಲ್ಲಿ ತಪ್ಪಿದ್ದರೆ ಆ ತಪ್ಪೇ ಉತ್ತರದಲ್ಲಿಯೂ ಬರುತ್ತದೆ. ಇದನ್ನು ಅವಳಿಗೆ ಯಾರೂ ಆ ಹೊತ್ತಿನಲ್ಲಿ ಹೇಳಿಕೊಡಲಿಲ್ಲ.

ಅವಳ ಉತ್ತರಕ್ಕೂ ಯಂತ್ರ ಎಷ್ಟು ವಿಕಿರಣ ಹೊರಸೂಸಬೇಕೆಂದು ಕಂಪ್ಯೂಟರ್ ಕೊಟ್ಟಿದ್ದ ಮಾನಿಟರ್ ಯೂನಿಟ್‌ಗಳಿಗೂ ಇದ್ದ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ಸಹಿ ಹಾಕಿದಳು, ಚಿಕಿತ್ಸೆ ನಡೆಯಿತು. “ನೋಡಿದೆಯಾ, ಸರಿಯಾಗಿಯೇ ಇತ್ತು. ಸುಮ್ಮನೆ ಕಾಲು ಗಂಟೆ ಹೋಯಿತು” ಎಂದರು ಹಿರಿಯರು.

ನನ್ನನ್ನು ಕಾಡುತ್ತಿರುವುದು ಆ “ಸುಮ್ಮನೆ”. ನೋವಿನಲ್ಲಿರುವವರನ್ನು ಕಾಲು ಗಂಟೆ ಕಾಯಿಸುವುದು ಸಣ್ಣ ವಿಷಯವಲ್ಲ, ಅದನ್ನು ಆ ಹುಡುಗಿಯೂ ಬಲ್ಲಳು. ಆದರೆ ಹಲವು ವಾರಗಳ ಚಿಕಿತ್ಸೆಯಲ್ಲಿ ಮೊದಲ ದಿನದ ತಪ್ಪನ್ನು ಮುಂದಿನ ದಿನಗಳಲ್ಲಿ ಸ್ವಲ್ಪವಾದರೂ ಸರಿದೂಗಿಸಲು ಅವಕಾಶವಿರುತ್ತದೆ. ಒಂದೇ ಬಾರಿಗೆ ಕೊಡುವ 8 ಗ್ರೇಗೆ ಮರುದಿನವೆಂಬುದೇ ಇಲ್ಲ. ತುರ್ತು ಚಿಕಿತ್ಸೆ, ಸರಳ ಲೆಕ್ಕ ಎಂದು ನಾವು ಯಾವುದನ್ನು ಬೇಗ ದಾಟಿಸಲು ನೋಡುತ್ತೇವೆಯೋ ಅದೇ ಎಲ್ಲಕ್ಕಿಂತ ಹೆಚ್ಚು ಪರಿಶೀಲನೆಯನ್ನು ಬೇಡುತ್ತದೆ.

ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 1982ರಲ್ಲಿ ಯೋಜನೆಗೆ ಕಂಪ್ಯೂಟರ್ ಬಂದಿತು. ವಿಕಿರಣದ ಮೂಲ ರೋಗಿಯಿಂದ ಎಷ್ಟು ದೂರವಿದೆ ಎಂಬುದಕ್ಕೆ ತಕ್ಕ ತಿದ್ದುಪಡಿಯನ್ನು ಅದು ತಾನೇ ಮಾಡುತ್ತಿತ್ತು. ಸಿಬ್ಬಂದಿ ಹಳೆಯ ರೂಢಿಯಂತೆ ಕೈಯಿಂದಲೂ ಅದೇ ತಿದ್ದುಪಡಿಯನ್ನು ಮಾಡುತ್ತಾ ಹೋದರು. 1991ರವರೆಗೆ ಸುಮಾರು ಸಾವಿರ ರೋಗಿಗಳಿಗೆ ಬೇಕಾದ್ದಕ್ಕಿಂತ ಕಡಿಮೆ ಡೋಸ್ ಸಿಕ್ಕಿತು. ಹೆಚ್ಚು ವಿಕಿರಣ ಬಿದ್ದರೆ ಚರ್ಮವಾದರೂ ಸುಟ್ಟು ಸುಳಿವು ಕೊಡುತ್ತದೆ, ಕಡಿಮೆಯಾದರೆ ಯಾವ ಗುರುತೂ ಕಾಣುವುದಿಲ್ಲ. ಗೆಡ್ಡೆ ಮರಳಿ ಬೆಳೆದರೆ ಎಲ್ಲರೂ ಕಾಯಿಲೆಯನ್ನೇ ದೂರುತ್ತಾರೆ. ಅದೇ ದೇಶದ ಎಕ್ಸೆಟರ್‌ನಲ್ಲಿ 1988ರಲ್ಲಿ ಕೋಬಾಲ್ಟ್ ಯಂತ್ರದ ಮಾಪನದಲ್ಲಿ ಆದ ತಪ್ಪಿನಿಂದ 207 ಜನರಿಗೆ ಶೇಕಡಾ 25ರಷ್ಟು ಹೆಚ್ಚು ಡೋಸ್ ಹೋಯಿತು. ಅದು ಬೆಳಕಿಗೆ ಬಂದದ್ದು ಹೊರಗಿನವರು ತಮ್ಮದೇ ಉಪಕರಣ ತಂದು ಅಳೆದಾಗ. ಈ ಎರಡೂ ಪ್ರಕರಣಗಳನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ. ಆ ಹುಡುಗಿ ಪಾಠವನ್ನು ನಿಜವೆಂದು ನಂಬಿ ನಡೆದುಕೊಂಡರೆ ಗಡಿಯಾರ ನೋಡುತ್ತೇವೆ.

ಸ್ನಾತಕೋತ್ತರ ಪದವಿಯ ಮೇಲೆ ಕನಿಷ್ಠ ಎರಡು ವರ್ಷಗಳ ಕ್ಲಿನಿಕಲ್ ತರಬೇತಿ ಬೇಕೆಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೇಳುವುದು ಯಂತ್ರಗಳ ಗುಂಡಿಗಳ ಪರಿಚಯಕ್ಕಾಗಿ ಎಂದು ನನಗೆ ಅನ್ನಿಸುವುದಿಲ್ಲ. ಭೌತವಿಜ್ಞಾನದ ಪಾಠಗಳಾದ ಕಾಂಪ್ಟನ್ ಚದುರುವಿಕೆಯನ್ನೂ ಬ್ರ್ಯಾಗ್-ಗ್ರೇ ಸಿದ್ಧಾಂತವನ್ನೂ ಪುಸ್ತಕದಿಂದ ಕಲಿಯಬಹುದು. ರೋಗಿಯ ದೇಹದ ಬದಲಿಗೆ ಇಡುವ ನೀರಿನ ತೊಟ್ಟಿ, ಅಂದರೆ ಫ್ಯಾಂಟಮ್‌ನಲ್ಲಿ ವಿಕಿರಣ ಅಳೆಯುವ ಅಯಾನೀಕರಣ ಕೋಷ್ಠವನ್ನು 10 ಸೆಂ.ಮೀ. ಆಳಕ್ಕೆ ಇಳಿಸಿ, ಉಷ್ಣತೆ ಮತ್ತು ಒತ್ತಡದ ತಿದ್ದುಪಡಿ ಮಾಡಿ ಡೋಸ್ ಅಳೆಯುವುದನ್ನು ಕೆಲವೇ ವಾರಗಳಲ್ಲಿ ಕೈಗೆ ಹತ್ತಿಸಿಕೊಳ್ಳಬಹುದು. ಆದರೆ ತನಗಿಂತ ಬಲ್ಲವರೊಬ್ಬರು ಸಹಿ ಹಾಕಿಯಾಗಿದೆ, ಹೊರಗೆ ರೋಗಿ ಕಾಯುತ್ತಿದ್ದಾರೆ, ಲೆಕ್ಕ ಸರಿಯಾಗಿಯೇ ಇರುವ ಸಂಭವ ಬಹಳ ಹೆಚ್ಚು ಎಂದು ತನಗೇ ಗೊತ್ತಿದೆ, ಆಗಲೂ ಮೊದಲಿನಿಂದ ಲೆಕ್ಕ ಹಾಕುವ ಅಭ್ಯಾಸ ಬೆಳೆಯಲು ವರ್ಷಗಳೇ ಬೇಕು. ಆ ಅಭ್ಯಾಸ ಬೆಳೆಯುವುದೂ ಬಾಡುವುದೂ ಸುತ್ತಲಿನವರು ಅದಕ್ಕೆ ಏನೆನ್ನುತ್ತಾರೆ ಎಂಬುದರಿಂದ. ತರಗತಿಯಲ್ಲಿ ಈ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳಲ್ಲ, ಅವಳ ಅಂಕಗಳೂ ಸಾಧಾರಣ. ಬೇಗ ಉತ್ತರಿಸುವವರನ್ನೇ ಜಾಣರೆಂದು ಎಣಿಸುವ ನಮ್ಮ ಮೌಲ್ಯಮಾಪನ ಇವಳಂಥವರನ್ನು ಹಿಂದಕ್ಕೆ ಹಾಕುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಇನ್ನೊಂದು ಸಂಗತಿ ಇದೆ, ಅದೇ ನನಗೆ ಹೆಚ್ಚು ಅಸಮಾಧಾನ ತಂದದ್ದು. ತಿಂಗಳ ಕೊನೆಯಲ್ಲಿ ಅವಳ ಮೌಲ್ಯಮಾಪನ ಪತ್ರವನ್ನು ತುಂಬುವವರು ಆ ಹಿರಿಯರೇ. ತನ್ನ ಅಂಕ ಯಾರ ಕೈಯಲ್ಲಿದೆಯೋ ಅವರದೇ ಲೆಕ್ಕವನ್ನು ಅವಳು ಸ್ವತಂತ್ರವಾಗಿ ಪರಿಶೀಲಿಸಬೇಕೆಂದು ನಾವು ಬಯಸುತ್ತೇವೆ. ಅಂದು ಅವಳು ಕೇಳಿದಳು. ಎಲ್ಲರಿಗೂ ಆ ಧೈರ್ಯ ಬರಲಿ ಎಂದು ಕಾಯುತ್ತಾ ಕೂರುವುದು ಸುರಕ್ಷತೆಯ ವ್ಯವಸ್ಥೆಯಾಗಲಾರದು. ತರಬೇತಿಯಲ್ಲಿರುವವರು ಯಾರ ಯೋಜನೆಗಳಿಗೆ ಎರಡನೆಯ ಸಹಿ ಹಾಕುತ್ತಾರೋ ಅವರು ಆ ತಿಂಗಳ ಅಂಕ ಕೊಡಬಾರದು, ಪರಿಶೀಲನೆಗೆ ಹಿಡಿಯುವ ಸಮಯವನ್ನು ಯಂತ್ರದ ದಿನಚರಿಯಲ್ಲಿಯೇ ತೆಗೆದಿರಿಸಬೇಕು ಎಂದು ವಿಭಾಗದ ಮುಖ್ಯಸ್ಥರಿಗೆ ಬರೆದುಕೊಟ್ಟಿದ್ದೇನೆ. ಕೊಡುವ ಮೊದಲು ಆ ಹಿರಿಯರಿಗೂ ಓದಲು ಕೊಟ್ಟೆ. ಎರಡನೆಯ ಬೇಡಿಕೆಗೆ ಅವರದೇನೂ ತಕರಾರಿಲ್ಲ; ಮೊದಲನೆಯದರ ಬಗ್ಗೆ ಮುಂದಿನ ಸಭೆಯಲ್ಲಿ ಮಾತಾಡೋಣ ಎಂದಿದ್ದಾರೆ.