ಜೂಜಿನ ಲಿಮಿಟ್ ಎಲ್ಲಿ ಸೋರುತ್ತದೆ, ಹೇಗೆ ಬಿಗಿ ಮಾಡಬೇಕು

ಹಣ ಕಟ್ಟಿ ಆಡುವ ಆ್ಯಪ್‌ಗಳಲ್ಲಿ ‘ಜವಾಬ್ದಾರಿಯುತ ಆಟ’ ಅನ್ನುವ ಪುಟ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತದೆ. ಅದನ್ನು ತೆರೆದು ನೋಡುವ ಹೊತ್ತಿಗೆ ಹಣ ಕೈಬಿಟ್ಟಿರುತ್ತದೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಣಕ್ಕೆ ಲಿಮಿಟ್ ಹಾಕುವ, ಖಾತೆ ಮುಚ್ಚುವಂಥ ಅಲ್ಲಿರುವ ಸಾಧನಗಳೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ಕೆಲವು ಗಟ್ಟಿ, ಕೆಲವು ಟೊಳ್ಳು. ಅಳೆಯುವುದಕ್ಕೆ ಒಂದೇ ಪ್ರಶ್ನೆ ಸಾಕು: ಆಡಲೇಬೇಕು ಅನ್ನುವ ತುಡಿತ ಹುಟ್ಟಿದ ಮೇಲೆ, ಹಣ ಕೈಯಿಂದ ಹೋಗುವ ಮುಂಚೆ, ಇದು ಎಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ?

ಈ ಹೊತ್ತು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಲು, ಚಕ್ರ ತಿರುಗಿ ನಿಂತಾಗ ಒಂದು ಸಾಲಿನಲ್ಲಿ ಒಂದೇ ಚಿತ್ರ ಕೂಡಿಬಂದರೆ ಹಣ ಕೊಡುವ ಸ್ಲಾಟ್ ಆಟದ ಒಂದೇ ಒಂದು ಸುತ್ತನ್ನು ಹತ್ತಿರದಿಂದ ನೋಡಿ. 20 ಸಾಲು, ಸಾಲಿಗೆ 1ರಂತೆ 20 ಕಟ್ಟಿದ್ದೀರಿ. ಚಕ್ರ ತಿರುಗಿ ನಿಂತಿತು, ಒಂದು ಸಾಲಿಗೆ 8 ಬಂತು. ಪರದೆ ಮಿನುಗುತ್ತದೆ, ನಾಣ್ಯ ಸುರಿಯುವ ಸದ್ದು ಬರುತ್ತದೆ. ನಿಜಕ್ಕೂ ಆಗಿದ್ದು 12ರ ನಷ್ಟ, ಮನಸ್ಸಿಗೆ ಮುಟ್ಟಿದ್ದು ಗೆಲುವು. ಮುಂದಿನ ಸುತ್ತಿನಲ್ಲಿ ಎರಡು ಚಿತ್ರ ಕೂಡಿಬಂದು ಮೂರನೆಯದು ಸಾಲಿಗಿಂತ ಒಂದೇ ಒಂದು ಮನೆ ಮೇಲಕ್ಕೆ ನಿಲ್ಲುತ್ತದೆ. ‘ಸ್ವಲ್ಪದರಲ್ಲಿ ತಪ್ಪಿತು’ ಅನಿಸುತ್ತದೆ. ಲೆಕ್ಕದ ಪ್ರಕಾರ ಅದೂ ಬರೀ ಸೋಲೇ, ಮುಂದಿನ ಸುತ್ತಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬಹುಮಾನ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಾಗಲೇ ಬಿಡದೆ ಗುಂಡಿ ಒತ್ತುವ ಅಭ್ಯಾಸ ಬಲವಾಗಿ ಬೇರೂರುತ್ತದೆ.

ಇನ್ನು ಇಂಥ ಆಟಗಳ ಬಗ್ಗೆ ಹೇಳುವ ‘96 ಶೇಕಡಾ ಮರಳಿ ಬರುತ್ತದೆ’ ಅನ್ನುವ ಮಾತು. 1,000 ಹಾಕಿದರೆ 960 ಉಳಿಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಟ್ಟುವ ಪ್ರತಿ ಪಣದಿಂದಲೂ ಸರಾಸರಿ 4 ಶೇಕಡಾ ಹೋಗುತ್ತದೆ, ಗೆದ್ದ ಹಣ ಮತ್ತೆ ಪಣಕ್ಕೆ ಬೀಳುತ್ತದೆ. 6 ಸೆಕೆಂಡಿಗೆ ಒಂದು ಸುತ್ತು ಅಂದರೆ ಗಂಟೆಗೆ 600 ಸುತ್ತು. ಸುತ್ತಿಗೆ 10ರಂತೆ 6,000 ಪಣ, ಸರಾಸರಿ ನಷ್ಟ 240. ಅದೇ ಆಟ 3 ಸೆಕೆಂಡಿಗೆ ಒಂದಾದರೆ ನಷ್ಟ 480. ಪಣವೂ ಬದಲಾಗಿಲ್ಲ, ಶೇಕಡಾವೂ ಬದಲಾಗಿಲ್ಲ, ವೇಗ ಮಾತ್ರ ಬದಲಾಯಿತು. ಬ್ರಿಟನ್ 2021ರ ಅಕ್ಟೋಬರ್‌ನಲ್ಲಿ ಇದಕ್ಕೇ ಕೈ ಹಾಕಿತು: ಆನ್‌ಲೈನ್ ಸ್ಲಾಟ್‌ನ ಒಂದು ಸುತ್ತು 2.5 ಸೆಕೆಂಡಿಗಿಂತ ಬೇಗ ಮುಗಿಯಬಾರದು, ತಾನಾಗಿ ತಿರುಗುವ ಆಟೋಪ್ಲೇ ಬೇಡ, ಕಟ್ಟಿದ್ದಕ್ಕಿಂತ ಕಡಿಮೆ ಬಂದಾಗ ಗೆದ್ದಂತೆ ಸಂಭ್ರಮಿಸುವ ಸದ್ದು, ಬೆಳಕು ಬೇಡ. ನನ್ನ ಪ್ರಕಾರ ‘ಮಿತಿಯಲ್ಲಿ ಆಡಿ’ ಅನ್ನುವ ನೂರು ಎಚ್ಚರಿಕೆ ಫಲಕಗಳಿಗಿಂತ ಆಟದ ಒಳಗೇ ಮಾಡುವ ಇಂಥ ಬದಲಾವಣೆ ಮೇಲು.

ಈಗ ಲಿಮಿಟ್ ವಿಷಯ. ಡೆಪಾಸಿಟ್ ಲಿಮಿಟ್ ಮತ್ತು ನಷ್ಟದ ಲಿಮಿಟ್ ಒಂದೇ ಅಲ್ಲ. ಡೆಪಾಸಿಟ್ ಲಿಮಿಟ್ ಎಣಿಸುವುದು ಹೊರಗಿನಿಂದ ಖಾತೆಗೆ ಬಂದ ಹಣವನ್ನು ಮಾತ್ರ. ತಿಂಗಳಿಗೆ 500 ಅಂತ ಕಟ್ಟು ಹಾಕಿ, ಮೊದಲ ದಿನವೇ 6,000 ಗೆದ್ದು, ರಾತ್ರಿಯೊಳಗೆ ಅಷ್ಟನ್ನೂ ಕಳೆದರೆ ಆ ಲಿಮಿಟ್ ಬಾಯಿ ಬಿಡುವುದಿಲ್ಲ. ಎರಡೂ ಇದ್ದರೆ ಎರಡನ್ನೂ ಹಾಕಿ. ಗೆದ್ದ ಹಣವನ್ನು ಆ ಕ್ಷಣವೇ ಬ್ಯಾಂಕಿಗೆ ಎಳೆದುಕೊಳ್ಳಿ. ವಿತ್‌ಡ್ರಾ ಕೇಳಿದ ಮೇಲೆ ಹಣ ಕೈಗೆ ಬರುವ ತನಕ ‘ರದ್ದು ಮಾಡಿ ಆಡಿ’ ಅಂತ ಗುಂಡಿ ಇಡುವ ಕಡೆ ಖಾತೆಯನ್ನೇ ಇಟ್ಟುಕೊಳ್ಳಬೇಡಿ. ಆ ಒಂದು ಗುಂಡಿ ಎಷ್ಟೋ ಜನರ ಗೆಲುವನ್ನು ವಾಪಸ್ ನುಂಗಿದೆ.

ಎಷ್ಟು ಹಾಕಬೇಕು? ಕೆನಡಾದವರು 2021ರಲ್ಲಿ ಹೊರತಂದ ಮಾರ್ಗಸೂಚಿ ಕೈಗೆ ಸಿಗುವಂಥ ಅಳತೆ ಕೊಡುತ್ತದೆ: ತೆರಿಗೆಗೆ ಮುಂಚಿನ ಮನೆಯ ಆದಾಯದಲ್ಲಿ ತಿಂಗಳಿಗೆ 1 ಶೇಕಡಾಕ್ಕಿಂತ ಹೆಚ್ಚು ಬೇಡ, ತಿಂಗಳಿಗೆ 4 ದಿನಕ್ಕಿಂತ ಹೆಚ್ಚು ಬೇಡ, ಎರಡಕ್ಕಿಂತ ಹೆಚ್ಚು ಬಗೆಯ ಆಟ ಬೇಡ. ಮನೆಗೆ ತಿಂಗಳಿಗೆ 50,000 ಬಂದರೆ ಒಟ್ಟು 500, ಆ 4 ದಿನಕ್ಕೆ ಹಂಚಿದರೆ ದಿನಕ್ಕೆ 125. ತಿಂಗಳ ಲಿಮಿಟ್ ಒಂದನ್ನೇ ಹಾಕಿದರೆ ಅಷ್ಟೂ ಮೊದಲ ರಾತ್ರಿಯೇ ಮುಗಿದು, ಇನ್ನೊಂದು ಖಾತೆ ತೆರೆಯುವ ಯೋಚನೆ ಶುರುವಾಗುತ್ತದೆ. ಹಾಗಾಗಿ ದಿನದ್ದು, ವಾರದ್ದು, ತಿಂಗಳದ್ದು ಮೂರೂ ಇರಲಿ. ಖಿನ್ನತೆ, ಕುಡಿತ ಇದ್ದವರಿಗೆ, ಮನೆಯಲ್ಲಿ ಯಾರಿಗಾದರೂ ಜೂಜಿನ ಚಟ ಇದ್ದವರಿಗೆ ಈ ಅಳತೆಯೂ ಹೆಚ್ಚೇ. ಲಿಮಿಟ್ ಇಳಿಸಿದರೆ ತಕ್ಷಣ ಜಾರಿಗೆ ಬರಬೇಕು, ಏರಿಸಿದರೆ ಕನಿಷ್ಠ 24 ಗಂಟೆ ಕಾಯಬೇಕು. ಕೇಳಿದ ಕೂಡಲೇ ಏರಿಸಿ ಕೊಡುವ ಲಿಮಿಟ್ ಬರೀ ಅಲಂಕಾರ.

ಚಟ ಅಂಟಿದೆಯೋ ಇಲ್ಲವೋ ನೋಡಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಆಡಿದೆ ಅನ್ನುವ ಬಗ್ಗೆ ಹತ್ತಿರದವರ ಹತ್ತಿರ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಪಣ ಹೆಚ್ಚಿಸುತ್ತಲೇ ಹೋಗಬೇಕು ಅನಿಸಿದೆಯಾ? ಒಂದಕ್ಕೆ ‘ಹೌದು’ ಬಂದರೂ ಗಂಭೀರವಾಗಿ ತೆಗೆದುಕೊಂಡು ಆಪ್ತ ಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಕಳೆದದ್ದನ್ನು ಇವತ್ತೇ ವಾಪಸ್ ತೆಗೆದೇ ತೀರುತ್ತೇನೆ ಅನ್ನುವ ಹಠ ಇನ್ನೊಂದು ದೊಡ್ಡ ಗುರುತು. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿ: ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಕೆಲವು ಮಾತ್ರೆಗಳಿಂದ, ಜನ್ಮದಲ್ಲಿ ಜೂಜಾಡದವರಿಗೂ ಈ ಹುಚ್ಚು ಹತ್ತಬಹುದು. ಅನುಮಾನ ಬಂದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಈ ಹಂತ ತಲುಪಿದವರಿಗೆ ಲಿಮಿಟ್ ಸಾಲದು, ಬಾಗಿಲೇ ಮುಚ್ಚಬೇಕು. ಒಂದು ಆ್ಯಪ್‌ನಿಂದ ತಾವೇ ಹೊರಬಿದ್ದರೆ ಪಕ್ಕದ ಆ್ಯಪ್ ತೆರೆದೇ ಇರುತ್ತದೆ. ಹಾಗಾಗಿ ಒಮ್ಮೆ ಹೆಸರು ಕೊಟ್ಟರೆ ಪರವಾನಗಿ ಇರುವ ಎಲ್ಲ ಆ್ಯಪ್‌ಗಳಿಂದಲೂ ಹೊರಗಿಡುವ, ದೇಶಕ್ಕೊಂದು ನೋಂದಣಿ ಇದ್ದರೆ ಅದೇ ಸರಿ. ಬ್ರಿಟನ್ನಿನ ಗ್ಯಾಮ್‌ಸ್ಟಾಪ್‌ನಲ್ಲಿ 6 ತಿಂಗಳು, 1 ವರ್ಷ, 5 ವರ್ಷ ಅಂತ ಅವಧಿ ಇದೆ, ಆರಿಸಿದ ಅವಧಿ ಮುಗಿಯುವ ತನಕ ಅದನ್ನು ರದ್ದು ಮಾಡಲಾಗದು. ಸ್ವೀಡನ್ನಿನ ಸ್ಪೆಲ್‌ಪೌಸ್ 2019ರಲ್ಲಿ, ಆಸ್ಟ್ರೇಲಿಯಾದ ಬೆಟ್‌ಸ್ಟಾಪ್ 2023ರಲ್ಲಿ ಬಂದವು. ಇಲ್ಲಿ ಆಗುವ ತಪ್ಪು ಸಣ್ಣದು: ಹಳೆಯ ಇಮೇಲ್, ಬಿಟ್ಟ ಫೋನ್ ನಂಬರ್, ಹೆಸರಿನ ಬೇರೆ ಕಾಗುಣಿತ ಕೊಡದೆ ಬಿಟ್ಟರೆ ಆ ಹಳೆಯ ಖಾತೆಗಳು ಜಾಲದಿಂದ ನುಣುಚಿಕೊಳ್ಳಬಹುದು. ಎಲ್ಲವನ್ನೂ ಸೇರಿಸಿ. ಪರವಾನಗಿ ಇಲ್ಲದ ಸೈಟುಗಳು ಈ ನೋಂದಣಿಗೆ ಬಗ್ಗುವುದಿಲ್ಲ. ಅದಕ್ಕೆ ಬೆಟ್‌ಬ್ಲಾಕರ್‌ನಂಥ ಉಚಿತ ತಡೆ ಆ್ಯಪ್ ಬೇಕು. ಕೈಯಲ್ಲಿರುವ ಫೋನಿಗೆ ಮಾತ್ರ ಹಾಕಿ ಡ್ರಾಯರ್‌ನಲ್ಲಿರುವ ಹಳೇ ಫೋನನ್ನೂ ಲ್ಯಾಪ್‌ಟಾಪನ್ನೂ ಮರೆಯುವುದೇ ಹೆಚ್ಚು. ಪಾಸ್‌ವರ್ಡ್ ಇರುವ ಕಡೆ ಅದನ್ನು ನಂಬಿಕಸ್ಥರೊಬ್ಬರು ಹಾಕಲಿ, ಆಡುವವರಿಗೆ ತಿಳಿಯುವುದು ಬೇಡ.

ಮೂರನೆಯ ಬೀಗ ಬ್ಯಾಂಕಿನದು. ಕಾರ್ಡ್ ಪಾವತಿಯಲ್ಲಿ ಹಣ ಯಾವ ಬಗೆಯ ವ್ಯಾಪಾರಕ್ಕೆ ಹೋಯಿತು ಅಂತ ಗುರುತಿಸುವ ವರ್ಗಸಂಖ್ಯೆ ಇರುತ್ತದೆ, ಜೂಜಿಗೆ ಅದು 7995. ಸೌಲಭ್ಯ ಇರುವ ಬ್ಯಾಂಕಿನಲ್ಲಿ ಅದನ್ನು ತಡೆ ಹಿಡಿಸಿ. ಆ ತಡೆ ತೆಗೆಸಲು ಎರಡು ಮೂರು ದಿನ ಕಾಯಿಸುವ ಬ್ಯಾಂಕಾದರೆ ಇನ್ನೂ ಒಳ್ಳೆಯದು. ಇದೂ ಸೋರುತ್ತದೆ: ವ್ಯಾಲೆಟ್, ಕ್ರಿಪ್ಟೋ, ಏಜೆಂಟ್ ಖಾತೆಗೆ ನೇರ ವರ್ಗಾವಣೆ ಮಾಡಿದರೆ ಆ ಸಂಖ್ಯೆ ಕಾಣಿಸುವುದೇ ಇಲ್ಲ. ಕ್ರೆಡಿಟ್ ಕಾರ್ಡ್ ಮತ್ತು ಸಾಲದ ಆ್ಯಪ್‌ಗಳನ್ನು ಅದೇ ದಿನ ಮುಚ್ಚಿಸಿ.

ಮನೆಯವರು ಮೊದಲು ಮಾಡುವ ತಪ್ಪು, ಆಡುವವರು ಅತ್ತು ಕರೆದಾಗ ಸಾಲ ತೀರಿಸಲು ಕೈಗೆ ಹಣ ಕೊಡುವುದು. ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಅದು ಉರಿಯುವ ಬೆಂಕಿಗೆ ತುಪ್ಪ. ಮೊದಲು ಪೂರ್ತಿ ಪಟ್ಟಿ ಬರೆಸಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಗಡುವು ಯಾವಾಗ. ಮೊದಲ ಪಟ್ಟಿಯಲ್ಲಿ ಒಂದೆರಡು ಸಾಲ ಬಚ್ಚಿಟ್ಟಿರಬಹುದು, ವಾರ ಬಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಇನ್ನೊಮ್ಮೆ ಕೂತು ನೋಡಿ. ತೀರಿಸುವುದಿದ್ದರೆ ಸಾಲ ಕೊಟ್ಟವರಿಗೇ ನೇರವಾಗಿ ಕಟ್ಟಿ. ಸಂಬಳ ಬೇರೆಯವರ ಉಸ್ತುವಾರಿಯ ಖಾತೆಗೆ ಬರಲಿ, ಮೊದಮೊದಲು ದಿನದ ಖರ್ಚಿಗಷ್ಟೇ ಕೊಟ್ಟು ಲೆಕ್ಕ ನೋಡಿ. ಮೂರು ತಿಂಗಳು ಸರಿಹೋದರೆ ವಾರದ ಖರ್ಚು, ಆಮೇಲೆ ತಿಂಗಳದ್ದು. ನಡುವೆ ಒಮ್ಮೆ ಜಾರಿದರೆ ಬೈದು ಪ್ರಯೋಜನವಿಲ್ಲ. ಹಣ ಯಾವ ದಾರಿಯಲ್ಲಿ ಹೋಯಿತು ಅಂತ ಹುಡುಕಿ, ಆ ದಾರಿಗೆ ಬೀಗ ಹಾಕಿ.

ಸಾಲ ಬಯಲಾದ ದಿನಗಳೇ ಅತಿ ಅಪಾಯದ ದಿನಗಳು. ಆಡಿ ಸಾಲ ಮಾಡಿದವರು ಮಾತು ಬಿಟ್ಟು ಕೂತಿದ್ದರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಅಂದರೆ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ, ಸಾಲದ ಮಾತನ್ನು ಪಕ್ಕಕ್ಕಿಟ್ಟು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.