ಕೂರ್ಮಗಡದ ನರಸಿಂಹನಿಗೆ ಬಾಳೆಗೊನೆ

ಪುಷ್ಯ ಹುಣ್ಣಿಮೆಯ ಬೆಳಿಗ್ಗೆ ಕಾರವಾರದ ಬೈತಖೋಲ ಬಂದರಿಗೆ ಹೋದರೆ ಅಲ್ಲಿ ಮೀನಿನ ವಾಸನೆಗಿಂತ ಊದಿನಕಡ್ಡಿಯ ವಾಸನೆಯೇ ಮುಂದಾಗಿರುತ್ತದೆ. ತಿಕ್ಕಿ ತೊಳೆದ ದೋಣಿಗಳ ಮುಂತುದಿಗೆ ಮಾವಿನ ಸೊಪ್ಪು, ಚೆಂಡುಹೂವಿನ ಮಾಲೆ. ಬಲೆ ರಾಶಿ ಹಾಕುವ ಜಾಗದಲ್ಲಿ ಬಾಳೆಗೊನೆಗಳು ಮಲಗಿರುತ್ತವೆ. ಕಾರವಾರ ಕೊಲ್ಲಿಯ ನಡುವೆ ಇರುವ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರಿಗೆ ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಅದು. ಹರಕೆ ಹೊತ್ತವರು ದೇವರಿಗೆ ಒಪ್ಪಿಸುವುದು ಬಾಳೆಗೊನೆ. ಮೀನುಗಾರರ ಹರಕೆಯಂತೂ ನೇರ: ದೋಣಿ ಸುರಕ್ಷಿತವಾಗಿ ಮರಳಲಿ, ಬಲೆ ಬರಿದಾಗದಿರಲಿ.

ಈ ಜಾತ್ರೆಗೆ ನೆಲದ ದಾರಿಯಿಲ್ಲ. ಹಾಗಾಗಿ ಇಲ್ಲಿಯ ಭಕ್ತಿಗೆ ಕೊಲ್ಲಿಯ ಪರಿಚಯವೂ ಬೇಕು. ಕೊಲ್ಲಿ ಪಡುವಣಕ್ಕೆ ಬಾಯಿ ತೆರೆದುಕೊಂಡಿದೆ. ತೆಂಕಣ ತುದಿಯಲ್ಲಿ ಗುಡ್ಡವೊಂದು ಸಮುದ್ರಕ್ಕೆ ಚಾಚಿಕೊಂಡು ನೈಋತ್ಯ ಮಳೆಗಾಳಿಯ ಅಲೆಯನ್ನು ತಡೆಯುತ್ತದೆ. ಅದರ ಮರೆಯಲ್ಲೇ ಬೈತಖೋಲ ಬಂದರು ಇರುವುದು. ಬಡಗಣದಲ್ಲಿ ಸದಾಶಿವಗಡದ ಗುಡ್ಡ, ಅದರಾಚೆ ದೇವಬಾಗ, ಮಾಜಾಳಿ, ಆಮೇಲೆ ಗೋವೆಯ ಗಡಿ. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟಿ 184 ಕಿಲೋಮೀಟರ್ ಹರಿದ ಕಾಳಿ ನದಿ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಕಡಲು ಸೇರುತ್ತದೆ. ಆ ಅಳಿವೆಯ ಎದುರಿಗೆ, ದಡದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಬೆನ್ನುಬ್ಬಿಸಿ ಕೂತ ಆಮೆಯಂತೆ ಕೂರ್ಮಗಡ. ಇನ್ನೂ ಪಡುವಣಕ್ಕೆ ದೇವಗಡ. 1864ರಿಂದ ಅಲ್ಲಿ ದೀಪಸ್ತಂಭ ಇದೆ.

ನರಸಿಂಹ ಇಲ್ಲಿ ಬಂದು ನೆಲೆಸಿದ್ದು ಎಷ್ಟು ಸರಿಯಾಗಿದೆ ಎಂದು ಅಳಿವೆ ನೋಡಿದವರಿಗೆ ಅನಿಸದೆ ಇರದು. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಲ್ಲಿ, ನರನೂ ಅಲ್ಲದ ಮೃಗವೂ ಅಲ್ಲದ ರೂಪದಲ್ಲಿ ಬಂದವನು ಅವನು. ಅಳಿವೆಯೂ ಹಾಗೆಯೇ: ಪೂರ್ತಿ ನದಿಯಲ್ಲ, ಪೂರ್ತಿ ಕಡಲಲ್ಲ, ನೀರು ಸಿಹಿಯೂ ಅಲ್ಲ, ಉಪ್ಪೂ ಅಲ್ಲ. ಅವನು ನಿಂತಿರುವ ನೆಲವೋ, ಕಡಲು ಕಡೆಯುವಾಗ ಮಂದರವನ್ನು ಬೆನ್ನ ಮೇಲೆ ಹೊತ್ತ ಆಮೆಯ ಹೆಸರಿನದು. ಪ್ರಹ್ಲಾದನನ್ನು ಕಾದವನು ಹೊಸ್ತಿಲ ದೇವರು. ಈ ಕೊಲ್ಲಿಯ ಮಕ್ಕಳು ದಿನವೂ ದಾಟುವ ಹೊಸ್ತಿಲು ಅಳಿವೆ.

ಆ ಹೊಸ್ತಿಲು ದಾಟುವ ಕ್ರಮವನ್ನೇ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಟ್ಟದ ಮೇಲಿನಿಂದ ಹರಕೆ ಹೊತ್ತು ಬರುವ ಅನೇಕರಿಗೆ ಸಮುದ್ರ ಹೊಸದು. ಹುಣ್ಣಿಮೆಯಂದು ಉಬ್ಬರ ಇಳಿತ ಎರಡೂ ದೊಡ್ಡವು. ಇಲ್ಲಿ ನೀರಿನ ಮಟ್ಟ ಸುಮಾರು ಒಂದೂವರೆ ಮೀಟರ್ ಏರಿ ಇಳಿಯುತ್ತದೆ. ಸುಮಾರಾಗಿ ನಡುಹಗಲಿನ ಆಸುಪಾಸು ನೀರು ತುಂಬಿ, ಸಂಜೆಗೆ ಇಳಿಯುತ್ತದೆ. ಜನವರಿಯ ಬೆಳಿಗ್ಗೆ ಮೂಡುಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವುದರಿಂದ ಕೊಲ್ಲಿ ಕೆರೆಯಂತೆ ಇರುತ್ತದೆ. ಹೊಸಬರು ಅದನ್ನು ನೋಡಿ ಮೈಮರೆಯುತ್ತಾರೆ. ಮಧ್ಯಾಹ್ನ ಕಳೆದಂತೆ ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಕಾಳಿಯ ನೀರನ್ನೂ ಎಳೆದುಕೊಂಡು ಹೊರಗೆ ಓಡುತ್ತಿರುತ್ತದೆ. ಹೊರಗೋಡುವ ನೀರು, ಒಳಗೆ ನುಗ್ಗುವ ಅಲೆ, ಎರಡೂ ಎದುರಾದಲ್ಲಿ ಅಲೆ ಒತ್ತೊತ್ತಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತದೆ. ಅಳಿವೆಯಲ್ಲಿ ಮರಳಿನ ದಿಬ್ಬ ಇರುವಲ್ಲಿ ಅದು ಒಡೆದು ಬೀಳುತ್ತದೆ. ದಿಬ್ಬ ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುವುದರಿಂದ ಹೋದ ವರ್ಷದ ದಾರಿ ಈ ವರ್ಷವೂ ಇರುತ್ತದೆ ಎನ್ನುವಂತಿಲ್ಲ. ಅದನ್ನು ಬಲ್ಲವನು ದೋಣಿ ನಡೆಸುವ ತಾಂಡೇಲ. ಅವನು ಸುತ್ತುಹಾಕಿ ಹೋದರೆ ನೇರ ಹೋಗು ಎಂದು ಅವಸರಪಡಿಸಬಾರದು.

ಹಾಗಾಗಿ ಬೆಳಿಗ್ಗೆ ಬೇಗ ಹೊರಟು, ದರ್ಶನ ಮುಗಿಸಿ, ಮಧ್ಯಾಹ್ನದ ಗಾಳಿ ಬಲಿಯುವ ಮುಂಚೆ ತಿರುಗಿ ಬರುವುದು ಒಳ್ಳೆಯದು. ದೋಣಿ ಹತ್ತುವಾಗ ಮೊದಲು ನೋಡಬೇಕಾದದ್ದು ಅಂಚಿಗೂ ನೀರಿಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂಬುದು. ಬಂದರಿನ ನಿಂತ ನೀರಿನಲ್ಲೇ ಗೇಣುದ್ದ ಮಾತ್ರ ಉಳಿದಿದ್ದರೆ ಆ ದೋಣಿ ಬೇಡ. ಇನ್ನೊಂದಕ್ಕೆ ಕಾಯಬೇಕು, ದೇವರು ಅಷ್ಟು ಹೊತ್ತು ಕಾಯುತ್ತಾನೆ. ಬಾಳೆಗೊನೆಗಳು ಅಟ್ಟದ ಮೇಲಾಗಲಿ ಮುಂತುದಿಯಲ್ಲಾಗಲಿ ಇರಬಾರದು, ದೋಣಿಯ ನಡುವೆ ತಳದಲ್ಲಿರಬೇಕು. ಒಂದೊಂದು ಗೊನೆ ಹತ್ತು ಹದಿನೈದು ಕಿಲೋ ತೂಗುತ್ತದೆ, ಇಪ್ಪತ್ತು ಗೊನೆ ಸೇರಿದರೆ ಮೂರು ನಾಲ್ಕು ಜನರ ಭಾರ. ಆ ಭಾರ ಮೇಲಿದ್ದರೆ ದೋಣಿ ವಾಲುತ್ತದೆ, ಕೆಳಗಿದ್ದರೆ ದೋಣಿಯನ್ನು ನಿಲ್ಲಿಸುತ್ತದೆ. ಜನರೂ ಹಾಗೆಯೇ. ಕೂತ ಮೂವತ್ತು ಜನ ಒಂದು ಲೆಕ್ಕ, ನಿಂತ ಮೂವತ್ತು ಜನ ಬೇರೆಯೇ ಲೆಕ್ಕ. ಅಲೆ ಹೊಡೆದಾಗ ಹೆದರಿ ಎದ್ದು ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ, ಅಲೆ ಮಗುಚದ ದೋಣಿಯನ್ನು ಜನರೇ ಮಗುಚುತ್ತಾರೆ. ಫೋಟೋಕ್ಕಾಗಿ ಏಳುವುದೂ ಅಷ್ಟೇ.

ಲೈಫ್ ಜಾಕೆಟ್ ಕೈಯಲ್ಲಿ ಹಿಡಿದುಕೊಂಡರೆ ಉಪಯೋಗವಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಶಾಲು ತೆಗೆದಿಟ್ಟು, ಎಲ್ಲದರ ಮೇಲೆ ಜಾಕೆಟ್ ತೊಡಬೇಕು. ಪಟ್ಟಿಗಳನ್ನು ಬಿಗಿದ ಮೇಲೆ ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆಳೆದು ನೋಡಲಿ. ಅದು ಗಲ್ಲ ದಾಟಿ ಬಂದರೆ ಸಡಿಲವಾಗಿದೆ ಎಂದರ್ಥ. ನೀರಿಗೆ ಬಿದ್ದಾಗ ಸಡಿಲ ಜಾಕೆಟ್ ಮೇಲೇರಿ ಮುಖ ಮುಚ್ಚುತ್ತದೆ. ಮಕ್ಕಳಿಗೆ ದೊಡ್ಡವರದ್ದನ್ನು ಎರಡು ಸುತ್ತು ಕಟ್ಟುವುದು ಬೇಡವೇ ಬೇಡ.

2019ರ ಜನವರಿ 21, ಅದೂ ಇದೇ ಹುಣ್ಣಿಮೆ. ದರ್ಶನ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಕೊಲ್ಲಿಯಲ್ಲಿ ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಸೇರಿ. ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ಆ ದಿನ ನೀರಿಗೆ ಧುಮುಕಿ ಕೈಗೆ ಸಿಕ್ಕವರನ್ನು ಎಳೆದುಕೊಂಡವರಲ್ಲಿ ಮೀನುಗಾರರಿದ್ದರು. ದೇವರು ಏಕೆ ಕಾಯಲಿಲ್ಲ ಎಂದು ಕೇಳಿದವರಿದ್ದಾರೆ. ಆ ಮನೆಗಳ ಮುಂದೆ ನಿಂತು ಉತ್ತರ ಹೇಳುವ ಧೈರ್ಯ ಯಾರಿಗೂ ಬರಬಾರದು. ಆದರೆ ಹೋಗುವವರು ಗೊನೆಯ ಜೊತೆಗೆ ಆ 16 ಜನರ ನೆನಪನ್ನೂ ಒಯ್ಯಬೇಕು, ಪಟ್ಟಿ ಬಿಗಿಯುವಾಗ, ಕೂತಲ್ಲೇ ಕೂರುವಾಗ.

ನಡುಗಡ್ಡೆ ಮುಟ್ಟಿದ ಮೇಲಿನ ಗಳಿಗೆ ಚಿಕ್ಕದು, ಆದರೆ ಗಾಯವಾಗುವುದು ಅಲ್ಲೇ. ದೋಣಿ ಬಂಡೆಗಳ ಪಕ್ಕ ಏರುತ್ತ ಇಳಿಯುತ್ತ ಇರುತ್ತದೆ. ಅಲೆ ದೋಣಿಯನ್ನು ಪೂರ್ತಿ ಮೇಲಕ್ಕೆತ್ತಿ ಒಂದು ಉಸಿರು ನಿಲ್ಲಿಸುತ್ತದಲ್ಲ, ಆಗ ಹೆಜ್ಜೆ ಇಡಬೇಕು; ಇಳಿಯತೊಡಗಿದಾಗ ಹಾರಿದರೆ ಕಾಲು ಬಂಡೆಗೂ ದೋಣಿಗೂ ನಡುವೆ ಸಿಕ್ಕಿಬೀಳುತ್ತದೆ. ಎರಡೂ ಕೈ ಖಾಲಿ ಇರಲಿ, ಗೊನೆಯನ್ನು ಆಮೇಲೆ ಕೈಯಿಂದ ಕೈಗೆ ದಾಟಿಸುತ್ತಾರೆ. ನೀರಂಚಿನ ಬಂಡೆಗೆ ಹಸಿರು ಪಾಚಿ, ಅದರ ನಡುವೆ ಅಂಗಾಲು ಸೀಳುವ ಚಿಪ್ಪುಗಳು. ಬರಿಗಾಲ ಹರಕೆ ಇದ್ದವರೂ ಈ ಹತ್ತು ಹೆಜ್ಜೆಗೆ ಚಪ್ಪಲಿ ಇಟ್ಟುಕೊಳ್ಳುವುದು ಮೇಲು, ಬಂಡೆ ದಾಟಿದ ಮೇಲೆ ಬಿಡಬಹುದು. ಅಲ್ಲಿಂದ ಗುಡ್ಡ ಹತ್ತಿ ದೇವಸ್ಥಾನ. ಕುಡಿಯುವ ನೀರನ್ನು ತಲೆಗೆ ಎರಡು ಲೀಟರ್‌ನಂತೆ ದಡದಿಂದಲೇ ಒಯ್ಯಬೇಕು, ಖಾಲಿ ಬಾಟಲಿಯನ್ನು ದಡಕ್ಕೇ ತರಬೇಕು. ಗೊನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬಿಸಿಲಿಗೆ ಬೆವೆತು ಕಪ್ಪಾಗುತ್ತದೆ. ಒಣಬಾಳೆ ಎಲೆ ಸುತ್ತಿ ಸೆಣಬಿನ ಹುರಿಯಲ್ಲಿ ಕಟ್ಟಿದರೆ ಕಾಯಿ ಉದುರದೆ ದೇವರ ಮುಂದೆ ಹೋಗುತ್ತದೆ. ಮೇಲಿನ ಚಿಪ್ಪಿನ ಎರಡು ಕಾಯಿ ಅರಿಶಿನಕ್ಕೆ ತಿರುಗಿದ ಗೊನೆ ಸರಿಯಾದ ಹದದ್ದು.

ಜನರನ್ನು ಕರೆದೊಯ್ಯುವುದೇ ತಮ್ಮ ಸೇವೆ ಎಂದು ದೋಣಿ ಬಿಡುವ ಮೀನುಗಾರರಿದ್ದಾರೆ. ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು. ಬಂಗುಡೆ ದಡಕ್ಕೆ ಬರುತ್ತಿದ್ದ ಕಾಲದಲ್ಲಿ ಇದೇ ಮರಳಿನ ಮೇಲೆ ಇಡೀ ಕೇರಿ ಸೇರಿ ರಂಪಣಿ ಬಲೆ ಎಳೆಯುತ್ತಿತ್ತು. ಯಾಂತ್ರಿಕ ದೋಣಿಗಳು ಬಂದ ಮೇಲೆ ಆ ಬಲೆ ಹಿಂದೆ ಸರಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಶ್ರಾವಣದ ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಶಾಂತವಾಗು ತಾಯಿ ಎನ್ನುತ್ತಾರೆ. ಆ ಹುಣ್ಣಿಮೆಯಿಂದ ಈ ಹುಣ್ಣಿಮೆಯವರೆಗೆ ಕಡಲು ಕೊಟ್ಟದ್ದರ ಲೆಕ್ಕವೇ ಕೂರ್ಮಗಡದ ಗೊನೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನನ್ನು ಎತ್ತಿ ತಂದವರೂ ಈ ಕೇರಿಗಳ ಜನರೇ.

ಕೊಲ್ಲಿಯ ದೇವರುಗಳು ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರ. ಸದಾಶಿವಗಡದಲ್ಲಿ ದುರ್ಗಾದೇವಿಯ ಗುಡಿ, ಶಾ ಕರಮುದ್ದೀನ್ ದರ್ಗಾ. ತೆಂಕಣ ಗುಡ್ಡದಾಚೆ ಅಂಜುದೀವದಲ್ಲಿ ಬ್ರೊಟಾಸ್ ಮಾತೆಯ ಇಗರ್ಜಿ. ಅವಳ ಹಬ್ಬ ಫೆಬ್ರವರಿ 2ಕ್ಕೆ, ನರಸಿಂಹನ ಜಾತ್ರೆಯ ಬೆನ್ನಿಗೇ. ಆ ದ್ವೀಪ ಈಗ ನೌಕಾನೆಲೆಯ ಸುಪರ್ದಿಯಲ್ಲಿದೆ. ಹರಕೆ ಹೊತ್ತ ಕ್ರೈಸ್ತ ಮೀನುಗಾರರು ಮನಸ್ಸು ಬಂದಾಗ ಅಲ್ಲಿಗೆ ದೋಣಿ ತಿರುಗಿಸುವಂತಿಲ್ಲ. ಕೂರ್ಮಗಡಕ್ಕೆ ಹೋಗುವ ದಾರಿ ಇನ್ನೂ ತೆರೆದಿರುವುದು ಎಷ್ಟು ದೊಡ್ಡ ಭಾಗ್ಯ ಎಂಬುದು ಅವರ ಕಷ್ಟ ನೋಡಿದರೆ ತಿಳಿಯುತ್ತದೆ.

ಮರಳುವಾಗ ತಾಂಡೇಲ ಎಂಜಿನ್ ಶುರು ಮಾಡುವ ಮುಂಚೆ ತಲೆ ಎಣಿಸುತ್ತಾನೆ. ಹೋಗುವಾಗ ಇದ್ದಷ್ಟೇ ಇರಬೇಕು, ಕಡಿಮೆಯೂ ಆಗಬಾರದು, ಹೆಚ್ಚೂ ಆಗಬಾರದು. ಹಿಂದಿನ ದೋಣಿ ತಪ್ಪಿಸಿಕೊಂಡ ನಾಲ್ವರು ಬಂಡೆಯ ಮೇಲಿನಿಂದ ಕೂಗಿದರೂ ಲೆಕ್ಕ ಮೀರಿದರೆ ಅವರು ಮುಂದಿನ ದೋಣಿಗೆ ನಿಲ್ಲಬೇಕು. ಎಣಿಕೆ ಸರಿಹೋದ ಮೇಲೆ ಪ್ರಸಾದದ ಬಾಳೆಹಣ್ಣನ್ನು ಕೂತಲ್ಲೇ ಹಂಚುತ್ತಾರೆ, ಮೊದಲ ಹಣ್ಣು ಕಡಲಿಗೆ.